ಹೂ ಉದುರಿದ ಮೇಲೆ ಆರ್ಕಿಡ್

ಆರ್ಕಿಡ್‌ನ ಕೊನೆಯ ಹೂವೂ ಉದುರಿತಾ? ಕುಂಡ ಎಸೆಯಬೇಡಿ, ಗಿಡ ಸತ್ತಿಲ್ಲ.

ಅನಮೋಡ ಘಟ್ಟದ ಮರಗಳನ್ನು ನೋಡಿ. ನಮ್ಮ ಕಾಡು ಆರ್ಕಿಡ್ ಸೀತಾಳೆ ದಂಡೆ ಮುಂಗಾರಿನ ಹೊತ್ತಿಗೆ ಹೂಬಿಟ್ಟು, ಉಳಿದ ತಿಂಗಳೆಲ್ಲ ಬರೀ ಎಲೆ, ಬೇರುಗಳಲ್ಲೇ ಕೊಂಬೆ ಹಿಡಿದು ಕೂತಿರುತ್ತದೆ.

ಅಂಗಡಿಯಿಂದ ತಂದ ಫೆಲನಾಪ್ಸಿಸ್ ಆರ್ಕಿಡ್‌ಗೂ ಅದೇ ಸ್ವಭಾವ. ಹೂದಂಟು ಒಣಗಿದ್ದರೆ ಬುಡದಲ್ಲಿ ಕತ್ತರಿಸಿ. ಹಸಿರಿದ್ದರೆ ಕೆಳಗಿನಿಂದ 2ನೇ ಗೆಣ್ಣಿನ ಮೇಲೆ ಕತ್ತರಿಸಿ. ಅಲ್ಲಿಂದ ಮತ್ತೆ ಕವಲೊಡೆಯಬಹುದು.

ನೀರು ಯಾವಾಗ? ಬೇರೇ ಹೇಳುತ್ತದೆ. ಹಸಿರಾಗಿದ್ದರೆ ಸಾಕು, ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ. ಜೋಯಿಡಾದ ಮಳೆಗಾಲದಲ್ಲಂತೂ ಕೈ ಬಿಗಿಹಿಡಿಯಿರಿ, ಬೇರು ಬೇಗ ಕೊಳೆಯುತ್ತದೆ. ಮಣ್ಣು ಬೇಡವೇ ಬೇಡ. ತೊಗಟೆ ಚೂರು, ಇದ್ದಿಲು ಸಾಕು. ಚಳಿಗಾಲದ ತಂಪು ರಾತ್ರಿಗಳು ಹೊಸ ಹೂದಂಟು ಹೊರಡಿಸುತ್ತವೆ.

ಕಾಡಿನ ಸೀತಾಳೆಯನ್ನು ಮಾತ್ರ ಕಿತ್ತು ತರಬೇಡಿ. ಅದು ಮರದ ಮೇಲೇ ಇರಲಿ.