“ನನಗೇನೂ ಆಗಿಲ್ಲ” ಎನ್ನುವವರ ಮನೆಯವರಿಗೆ

ಮೈಯಲ್ಲಿ ಬೇನೆಯುಳ್ಳವನು ವೈದ್ಯನನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಮನಸ್ಸಿನ ಬೇನೆಯುಳ್ಳವನಾದರೋ ಅನೇಕ ವೇಳೆ “ನನಗೇನಾಗಿದೆ? ಹುಚ್ಚು ನಿಮಗೇ” ಎನ್ನುತ್ತಾನೆ. ಇದನ್ನು ಹಟವೆಂದು ಬಗೆಯುವುದು ತಪ್ಪು. 1914ರಲ್ಲಿ ಫ್ರಾನ್ಸಿನ ವೈದ್ಯ ಬಾಬಿನ್‌ಸ್ಕಿ, ಒಂದು ಪಾರ್ಶ್ವ ಬಿದ್ದುಹೋಗಿದ್ದರೂ ಅದನ್ನರಿಯದ ರೋಗಿಗಳನ್ನು ಕಂಡು ಆ ಅವಸ್ಥೆಗೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟನು. ಸ್ಕಿಜೊಫ್ರೇನಿಯಾದಂತಹ ಮನೋರೋಗಗಳಲ್ಲಿಯೂ ಇಂತಹ ಅರಿವಿನ ಲೋಪವು ಬಹುಮಂದಿಯಲ್ಲಿ ಕಾಣುವುದು.

ನಾವು ಹೋಟೆಲು ನಡೆಸುತ್ತಿದ್ದಾಗ, ಕೆಲಸದ ತರುಣನೊಬ್ಬನು ತನ್ನ ಚಹಕ್ಕೆ ಯಾರೋ ವಿಷ ಬೆರೆಸುತ್ತಿರುವರೆಂದು ಹೇಳತೊಡಗಿದನು. ನಾವು ಅದೇ ಚಹವನ್ನು ಎಲ್ಲರೆದುರು ಕುಡಿದು ತೋರಿಸಿದೆವು, ನಕ್ಕೆವು, ಗದರಿಸಿದೆವು, ವಾದದಲ್ಲಿ ಗೆದ್ದೆವು. ಮರುದಿನ ಅವನ ಹಾಸಿಗೆ ಬರಿದಾಗಿತ್ತು. ಏಳನೆಯ ದಿನ ಕಲ್ಯಾಣ ಸ್ಟೇಷನ್ನಿನಲ್ಲಿ ಅವನ ಅಣ್ಣನು ಅವನನ್ನು ಕಂಡನು. ಗುಮಾಸ್ತನಾಗಿದ್ದ ಆ ಅಣ್ಣನು ವಿಷದ ಮಾತನ್ನೇ ಎತ್ತಲಿಲ್ಲ. “ನಿದ್ದೆ ಬರುತ್ತಿದೆಯೇ?” ಎಂದಷ್ಟೇ ಕೇಳಿದನು. “ಎಷ್ಟೋ ರಾತ್ರಿಯಿಂದ ಇಲ್ಲ.” “ಹಾಗಾದರೆ ನಿದ್ದೆಗಾಗಿ ಡಾಕ್ಟರರನ್ನು ಕಾಣೋಣ, ನಾನೂ ಬರುತ್ತೇನೆ.” ತಮ್ಮನು ಎದ್ದು ಹೊರಟನು.

ನಮಗೆ ತಿಳಿಯದಿದ್ದುದು ಅವನಿಗೆ ತಿಳಿದಿತ್ತು. ರೋಗವನ್ನು ಒಪ್ಪಿಸಬೇಕಾಗಿಲ್ಲ, ರೋಗಿಯೇ ಒಪ್ಪುವ ಕಷ್ಟವನ್ನು ಹಿಡಿದು ನಡೆದರೆ ಸಾಕು. ಅವನ ಭ್ರಮೆಗೆ ಹೌದೆನ್ನಬೇಡಿರಿ, ಅದನ್ನು ಖಂಡಿಸಲೂ ಹೋಗಬೇಡಿರಿ. “ನಿನಗೆ ಭಯವಾಗಿದೆಯೆಂದು ಕಾಣುತ್ತದೆ” ಎನ್ನಿರಿ. ಗುಟ್ಟಾಗಿ ಚಹದಲ್ಲಿ ಮದ್ದು ಬೆರೆಸುವವರುಂಟು. ಅದು ಹೊರಬಿದ್ದ ದಿನ ಅವನ ಸಂಶಯವೇ ನಿಜವಾಯಿತಲ್ಲವೇ?

ಮುಂಬಯಿಯ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಠಾಣೆಯ ಮಾನಸಿಕ ಆಸ್ಪತ್ರೆಯು 1901ರಿಂದ ಇದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಮನೆಯವರೂ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಪ್ರಾಣಾಪಾಯವು ಒದಗಿದಾಗ, ರೋಗಿಯು ಒಪ್ಪದಿದ್ದರೂ, 2017ರ ಕಾಯಿದೆಯಂತೆ ಅವನ ಪ್ರತಿನಿಧಿಯು ಅರ್ಜಿ ಕೊಡಬಹುದು. ಒಬ್ಬ ಮನೋವೈದ್ಯನೂ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ ಮೊದಲಿಗೆ 30 ದಿನಗಳವರೆಗೆ ಅವನನ್ನು ದಾಖಲುಮಾಡಿಕೊಳ್ಳಬಹುದು. ಸಂಕೋಲೆ ಹಾಕುವುದನ್ನಾದರೋ ಅದೇ ಕಾಯಿದೆಯು ನಿಷೇಧಿಸಿದೆ.

ನಮ್ಮವರಲ್ಲಿ ಇಂಥವರನ್ನು ಟಿಕೆಟು ತೆಗೆಸಿಕೊಟ್ಟು ಒಂಟಿಯಾಗಿ ಊರಿಗೆ ಕಳುಹಿಸುವ ರೂಢಿಯುಂಟು. ಅವನು ಯಾವ ಸ್ಟೇಷನ್ನಿನಲ್ಲಿ ಇಳಿಯುವನೆಂದು ಬಲ್ಲವರಾರು? ಒಂದು ದಿನದ ರಜೆ ಬೇಡಿ ಜೊತೆಯಲ್ಲಿ ಹೋಗಿರಿ. ಆ ರಜೆಯನ್ನು ನಿರಾಕರಿಸಬಾರದೆಂದು ಧಣಿಗಳಲ್ಲಿ, ಒಮ್ಮೆ ಧಣಿಯಾಗಿದ್ದ ನಮ್ಮ ಬಿನ್ನಹ.