ಎರಡು ಹುಂಡಿ, ಒಂದು ಡೆನ್ಮಾರ್ಕ್

ಡೆನ್ಮಾರ್ಕ್ ಅಂದ ತಕ್ಷಣ ಎಂಜಿನಿಯರಿಂಗ್ ಓದುವ ನಮ್ಮಂಥವರಿಗೆ ನೆನಪಾಗೋದು ಎರಡೇ: ಲೆಗೋ ಆಟಿಕೆ ಮತ್ತು ವೆಸ್ಟಾಸ್ ಗಾಳಿಯಂತ್ರ. ಜನ ಸುಮಾರು 60 ಲಕ್ಷ, ಬೆಂಗಳೂರಿಗಿಂತ ಎಷ್ಟೋ ಕಡಿಮೆ. ಆದರೆ ಈ ಪುಟ್ಟ ದೇಶದ ಖಜಾನೆಯಲ್ಲಿ ಒಂದು ಸೋಜಿಗ ಇದೆ. ಅಕ್ಕಪಕ್ಕದ ದೇಶಗಳ ಜೊತೆ ಸೇರಿ ಖರ್ಚು ಮಾಡೋಣ ಬಾ ಅಂದ್ರೆ ಪೈಸೆ ಪೈಸೆಗೂ ತಕರಾರು ತೆಗೆಯುತ್ತೆ. ಸಮುದ್ರದಾಚೆಯ ಬಡ ದೇಶಕ್ಕೆ ಕೊಡು ಅಂದ್ರೆ ಜಗತ್ತಿನಲ್ಲೇ ಮೊದಲ ಸಾಲಿನಲ್ಲಿ ನಿಲ್ಲುತ್ತೆ. ಒಂದೇ ದೇಶ ಜಿಪುಣನೂ ದಾನಿಯೂ ಆಗೋದು ಹೇಗೆ?

ಮೊದಲು ಅಕ್ಕಪಕ್ಕದವರ ಲೆಕ್ಕ ನೋಡೋಣ. ಡೆನ್ಮಾರ್ಕ್ ಇವತ್ತಿನ ಐರೋಪ್ಯ ಒಕ್ಕೂಟಕ್ಕೆ ಸೇರಿದ್ದು 1973ರಲ್ಲಿ. ಒಕ್ಕೂಟದ ಬಜೆಟ್ಟು ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಪಟ್ಟಿ ಎತ್ತುವ ಹಾಗೆ. ಆಮದು ಸುಂಕ ಮುಂತಾದ ಒಂದಷ್ಟು ಬಾಬ್ತುಗಳಿವೆ, ಆದರೆ ಹುಂಡಿ ತುಂಬೋದು ಮುಖ್ಯವಾಗಿ ಪ್ರತಿ ದೇಶ ತನ್ನ ರಾಷ್ಟ್ರೀಯ ಆದಾಯಕ್ಕೆ ತಕ್ಕಂತೆ ಕೊಡುವ ಪಾಲಿನಿಂದ. ಸಾಮಾನ್ಯವಾಗಿ ಏಳು ವರ್ಷಕ್ಕೊಮ್ಮೆ ಇಡೀ ಚೌಕಟ್ಟನ್ನು ಕೂತು ತೀರ್ಮಾನಿಸುತ್ತಾರೆ. ಈಗಿರುವ 27 ದೇಶಗಳೂ ಹೂಂ ಅನ್ನಬೇಕು, ಒಬ್ಬರು ಒಲ್ಲೆ ಅಂದರೂ ಕೆಲಸ ನಿಂತುಹೋಗುತ್ತೆ. ಸಣ್ಣ ದೇಶದ ಮಾತಿಗೆ ಬೆಲೆ ಬರೋದು ಈ ನಿಯಮದಿಂದಲೇ.

ಪಟ್ಟಿಯಲ್ಲಿ ರಿಯಾಯಿತಿ ಕೇಳುವ ಚಾಳಿ ಶುರುವಾದದ್ದು ಬ್ರಿಟನ್ನಿನಿಂದ. 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ತಮ್ಮ ದೇಶದ ಪಾಲಿನಲ್ಲಿ ಒಂದಷ್ಟು ವಾಪಸ್ ಪಡೆದರು. ಆಮೇಲೆ ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್, ಆಸ್ಟ್ರಿಯಾ ಕೂಡ ಒಂದಲ್ಲ ಒಂದು ದಾರಿಯಲ್ಲಿ ಹೊರೆ ಕಡಿಮೆ ಮಾಡಿಕೊಂಡವು. ಒಬ್ಬರಿಗೆ ಕಡಿಮೆ ಮಾಡಿದ್ದನ್ನ ಉಳಿದವರೇ ತುಂಬಬೇಕಲ್ಲ! ಶ್ರೀಮಂತರ ರಿಯಾಯಿತಿಗೆ ನಾವ್ಯಾಕೆ ದುಡ್ಡು ಕಟ್ಟಬೇಕು ಅಂತ ಡೆನ್ಮಾರ್ಕ್ ವಾದ ಹೂಡಿತು. 2013ರಲ್ಲಿ ಪ್ರಧಾನಿ ಹೆಲ್ಲೆ ಥಾರ್ನಿಂಗ್ ಶ್ಮಿತ್ ವೀಟೋ ಬೆದರಿಕೆ ಹಾಕಿಯೇ ವರ್ಷಕ್ಕೆ 13 ಕೋಟಿ ಯೂರೋ ಕಡಿತ ಗಿಟ್ಟಿಸಿಕೊಂಡರು. ವಾದದಲ್ಲಿ ನ್ಯಾಯ ಇತ್ತು ಅಂತಲೇ ನಮಗನ್ನಿಸುತ್ತೆ.

2020ರ ಹೊತ್ತಿಗೆ ಬ್ರಿಟನ್ ಒಕ್ಕೂಟ ಬಿಟ್ಟು ಹೋಗಿತ್ತು, ಹುಂಡಿಯಲ್ಲಿ ದೊಡ್ಡ ತೂತು. ಡೆನ್ಮಾರ್ಕ್, ಸ್ವೀಡನ್, ಆಸ್ಟ್ರಿಯಾ, ನೆದರ್ಲೆಂಡ್ಸ್ ಒಂದಾಗಿ, ಬಜೆಟ್ಟು ಒಟ್ಟು ರಾಷ್ಟ್ರೀಯ ಆದಾಯದ ಶೇ. 1 ದಾಟಕೂಡದು ಅಂತ ಪಟ್ಟು ಹಿಡಿದವು. ಇವರಿಗೆ 'ಮಿತವ್ಯಯದ ನಾಲ್ವರು' ಅಂತ ಹೆಸರೇ ಬಿತ್ತು. ಆಯೋಗ ಕೇಳಿದ್ದಾದರೂ ಎಷ್ಟು? ಶೇ. 1.11. ಅಷ್ಟರಲ್ಲಿ ಕೊರೊನಾ ಬಂತು, ಚೇತರಿಕೆಗೆ 75,000 ಕೋಟಿ ಯೂರೋ ನಿಧಿ ಬೇಕು ಅಂತಾಯ್ತು. ಜುಲೈಯಲ್ಲಿ ಬ್ರಸೆಲ್ಸ್‌ನಲ್ಲಿ ನಾಲ್ಕು ಹಗಲು ನಾಲ್ಕು ರಾತ್ರಿ ಜಗ್ಗಾಟ. ಕೊನೆಗೆ ವಾಪಸ್ ಕೊಡಬೇಕಿಲ್ಲದ ಅನುದಾನದ ಭಾಗ 50,000 ಕೋಟಿಯಿಂದ 39,000 ಕೋಟಿಗೆ ಇಳಿಯಿತು, ಉಳಿದದ್ದು ಸಾಲ. ಡೆನ್ಮಾರ್ಕಿನ ರಿಯಾಯಿತಿ ವರ್ಷಕ್ಕೆ 30 ಕೋಟಿ ಯೂರೋ ಮೀರಿತು.

ಈಗ ಎರಡನೇ ಹುಂಡಿ. ಶ್ರೀಮಂತ ದೇಶಗಳು ತಮ್ಮ ಆದಾಯದ ಶೇ. 0.7 ಭಾಗವನ್ನು ಬಡ ದೇಶಗಳ ಅಭಿವೃದ್ಧಿಗೆ ಕೊಡಬೇಕು ಅಂತ 1970ರಲ್ಲಿ ವಿಶ್ವಸಂಸ್ಥೆ ನಿರ್ಣಯ ಮಾಡಿತು. ಬಹುಪಾಲು ದೇಶಗಳು ಇವತ್ತಿಗೂ ಅದನ್ನ ಮುಟ್ಟಿಲ್ಲ. ಡೆನ್ಮಾರ್ಕ್ 1978ರಲ್ಲೇ ಮುಟ್ಟಿತು, ಆಮೇಲೆ ದಶಕಗಟ್ಟಲೆ ಬಿಡಲಿಲ್ಲ. 1990ರ ದಶಕದಲ್ಲಿ ಶೇ. 1ರ ಆಸುಪಾಸಿನಲ್ಲಿ ಕೊಡ್ತಿತ್ತು.

ಸ್ವಲ್ಪ ನಿಂತು ಎರಡೂ ಸಂಖ್ಯೆ ಪಕ್ಕಪಕ್ಕ ಇಡಿ. ಒಂದರಲ್ಲಿ ಶೇ. 1, ಇನ್ನೊಂದರಲ್ಲಿ 0.7ರಿಂದ 1. ಹುಂಡಿಗಳ ಗಾತ್ರ ಹೆಚ್ಚುಕಡಿಮೆ ಒಂದೇ! ಹಾಗಾಗಿ ಜಗಳ ಬರೀ ಮೊತ್ತದ್ದಲ್ಲ, ಸೌಟು ಯಾರ ಕೈಲಿದೆ ಅನ್ನೋದರದ್ದು. ಬಡಿಸುವವರು ನಮ್ಮವರಾದ್ರೆ ಪಂಕ್ತಿಯ ಕೊನೇಲಿ ಕೂತ್ರೂ ಚಿಂತೆಯಿಲ್ಲ ಅಂತಾರಲ್ಲ, ಕೊಡುವವರ ಕಡೆಯಿಂದ ನೋಡಿದರೂ ಅದೇ ಮಾತು. ಒಕ್ಕೂಟದ ಹಣದಲ್ಲಿ ದೊಡ್ಡ ಪಾಲು ಕೃಷಿ ಸಹಾಯಧನಕ್ಕೆ ಮತ್ತು ಹಿಂದುಳಿದ ಪ್ರದೇಶಗಳಿಗೆ ಹೋಗುತ್ತೆ, ಅದನ್ನು ಎಲ್ಲರೂ ಸೇರಿ ಹಂಚುತ್ತಾರೆ. ನೆರವಿನ ಹಣದಲ್ಲಿ ಬಹುಪಾಲನ್ನು ಎಲ್ಲಿಗೆ ಕಳಿಸಬೇಕು ಅಂತ ನಿರ್ಧರಿಸೋದು ಡೆನ್ಮಾರ್ಕಿನ ವಿದೇಶಾಂಗ ಇಲಾಖೆಯೇ. ಅದು 'ಡ್ಯಾನಿಡಾ' ಹೆಸರಿನಲ್ಲಿ ಹೋಗುತ್ತೆ, ಪಡೆದವರಿಗೂ ಕೊಟ್ಟವರು ಯಾರು ಅಂತ ಗೊತ್ತಿರುತ್ತೆ.

ಡ್ಯಾನಿಡಾ ನಮ್ಮ ರಾಜ್ಯಕ್ಕೆ ಹೊಸ ಹೆಸರಲ್ಲ. 1980ರ ದಶಕದಲ್ಲಿ ಕರ್ನಾಟಕದ ಕೃಷಿ ಇಲಾಖೆ ರೈತ ಮಹಿಳೆಯರಿಗಾಗಿ ನಡೆಸಿದ 'ವೈಟೆಪ್' ತರಬೇತಿ ಯೋಜನೆಗೆ ನೆರವು ಕೊಟ್ಟದ್ದು ಅದೇ. ಆಗ ಕೃಷಿ ತರಬೇತಿ ಅಂದ್ರೆ ಗಂಡಸರಿಗೆ ಮಾತ್ರ ಅನ್ನೋ ಕಾಲ. ಹೊಲದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡೋ ಹೆಂಗಸರನ್ನು ಕೂರಿಸಿ ಕಲಿಸಬೇಕು ಅನ್ನೋದು ದೊಡ್ಡ ಮಾತೇ ಆಗಿತ್ತು. ಇಂಥ ಯೋಜನೆ ಆಮೇಲೆ ತಮಿಳುನಾಡು, ಒಡಿಶಾ, ಮಧ್ಯಪ್ರದೇಶಕ್ಕೂ ಹೋಯಿತು.

ಆದರೆ ಸೌಟು ಹಿಡಿದವರು ಸೌಟನ್ನ ಹಿಂದಕ್ಕೂ ಎಳೀಬಹುದು. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಭಾರತ ಅಣುಪರೀಕ್ಷೆ ಮಾಡಿತು. ಅದಾದ ಮೇಲೆ ಡೆನ್ಮಾರ್ಕ್, ಭಾರತಕ್ಕೆ ನೇರ ನೆರವನ್ನು ಹಂತಹಂತವಾಗಿ ನಿಲ್ಲಿಸುವ ತೀರ್ಮಾನಕ್ಕೆ ಬಂತು. ಬಾಂಬು ಸಿಡಿಸಿದ್ದು ದಿಲ್ಲಿಯ ನಿರ್ಧಾರ, ನೆರವು ಪಡೀತಿದ್ದವರು ಹಳ್ಳಿಯವರು. ಇಲ್ಲಿ ಮಾತ್ರ ನಾವು ಡೆನ್ಮಾರ್ಕಿನ ಪರ ಮಾತಾಡಲಾರೆವು. 2003ರಲ್ಲಿ ಭಾರತವೂ ಸಣ್ಣ ದೇಶಗಳ ನೇರ ನೆರವು ಬೇಡ ಅಂತು. ಅಮೆರಿಕ, ಬ್ರಿಟನ್, ಜಪಾನ್, ಜರ್ಮನಿ, ರಷ್ಯಾ ಮತ್ತು ಐರೋಪ್ಯ ಒಕ್ಕೂಟದಿಂದ ಮಾತ್ರ ತಗೊಳ್ತೀವಿ ಅಂತ ಹೇಳಿತು. ತಮಾಷೆ ನೋಡಿ, ಡೆನ್ಮಾರ್ಕಿನ ಕ್ರೋನ್ ಇಲ್ಲಿಗೆ ಬರಲು ಉಳಿದ ದಾರಿಗಳಲ್ಲಿ ಒಂದು, ಅದು ಸದಾ ಗೊಣಗುತ್ತಿದ್ದ ಒಕ್ಕೂಟದ ಹುಂಡಿ! ಇನ್ನೊಂದು ವಿಷಯ. ಒಕ್ಕೂಟದ ಬಜೆಟ್ಟಿನಿಂದ ಹೊರದೇಶಗಳ ಅಭಿವೃದ್ಧಿಗೆ ಹೋಗುವ ಹಣದಲ್ಲಿ ಡೆನ್ಮಾರ್ಕಿನ ಪಾಲೂ ಅದರ 0.7ರ ಲೆಕ್ಕಕ್ಕೆ ಸೇರುತ್ತೆ. ಎರಡು ಹುಂಡಿಗಳ ನಡುವೆ ಒಂದು ಪೈಪು ಇದ್ದೇ ಇದೆ.

ದಾನದ ಹುಂಡಿಗೂ ಒಳಗಿಂದಲೇ ಕೈ ಬೀಳುತ್ತೆ. 2015ರಲ್ಲಿ ಬಂದ ಹೊಸ ಸರ್ಕಾರ ನೆರವನ್ನು 0.85ರ ಆಸುಪಾಸಿನಿಂದ 0.7ಕ್ಕೆ ಇಳಿಸುವ ತೀರ್ಮಾನ ಮಾಡಿತು. ಮತ್ತೊಂದು ನಿಯಮ ಇದೆ: ತಮ್ಮ ದೇಶಕ್ಕೆ ಬಂದ ನಿರಾಶ್ರಿತರ ಮೇಲೆ ಮೊದಲ 12 ತಿಂಗಳು ಮಾಡಿದ ಖರ್ಚನ್ನೂ 'ವಿದೇಶಿ ನೆರವು' ಅಂತ ತೋರಿಸಬಹುದು. 2022ರಲ್ಲಿ ಉಕ್ರೇನಿನ ನಿರಾಶ್ರಿತರ ಖರ್ಚಿಗೆ ನೆರವಿನ ಬಜೆಟ್ಟಿನಿಂದಲೇ ಹಣ ತೆಗೆದದ್ದು ಹೀಗೆ. ಕಾಗದದ ಮೇಲೆ ಅದು ನೆರವೇ. ದೂರದ ಹಳ್ಳಿಯಲ್ಲಿ ಕಾಯ್ತಾ ಕೂತವರಿಗೆ ಮಾತ್ರ ಹಣ ಬಂದಿರೋದಿಲ್ಲ.

ಮೊದಲ ಹುಂಡಿಯ ಬಗ್ಗೆ ಡೆನ್ಮಾರ್ಕಿನ ಧಾಟಿ ಈಚೆಗೆ ಬದಲಾಗಿದೆ. ರಷ್ಯಾದ ಭಯ ಮನೆಬಾಗಿಲಿಗೆ ಬಂದ ಮೇಲೆ, 2020ರಲ್ಲಿ ಅಷ್ಟು ಜಗ್ಗಾಡಿದ್ದ ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ ಅವರೇ 2025ರ ಜೂನ್‌ನಲ್ಲಿ, ಮಿತವ್ಯಯದ ಗುಂಪಿನಲ್ಲಿ ನಾವಿನ್ನು ಇರೋದಿಲ್ಲ, ಯುರೋಪಿನ ರಕ್ಷಣೆಯೇ ಮುಖ್ಯ ಅಂದುಬಿಟ್ಟರು. ಮರು ತಿಂಗಳೇ ಆಯೋಗ 2028ರಿಂದ 2034ರವರೆಗಿನ ಬಜೆಟ್ ಪ್ರಸ್ತಾವ ಮುಂದಿಟ್ಟಿತು: ಸುಮಾರು 2 ಲಕ್ಷ ಕೋಟಿ ಯೂರೋ, ಒಟ್ಟು ಆದಾಯದ ಶೇ. 1.26. ಅದಕ್ಕೂ 27 ದೇಶಗಳು ಹೂಂ ಅನ್ನಲೇಬೇಕು.