ಎರೆಹೊಲಕ್ಕೆ ಹನಿ ಬಂದ ದಾರಿ

ಹುನಗುಂದದ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮೊಣಕೈವರೆಗೆ ಕೈ ಇಳಿಸಬಹುದಾದ ಬಿರುಕು. ಮಳೆ ಹಿಡಿಯಿತೋ, ಅದೇ ಮಣ್ಣು ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ವರ್ಷದಲ್ಲಿ ಬೀಳುವ ಮಳೆಯೇ ಕಡಿಮೆ. ಅಷ್ಟರಲ್ಲೇ ಬಿಳಿಜೋಳ, ಕಡಲೆ ತೆಗೆಯಬೇಕಿದ್ದ ಹಿರಿಯರು ಹೊಲಕ್ಕೆ ಒಡ್ಡು ಹಾಕಿದರು. ಹೆಚ್ಚಾದ ನೀರು ಒಡ್ಡು ಒಡೆಯದಂತೆ ಕಲ್ಲು ಜೋಡಿಸಿ ದಾರಿ ಮಾಡಿದರು. ಮೇಲಿನ ಹೊಲ ಕುಡಿದು ಬಿಟ್ಟದ್ದು ಕೆಳಗಿನವರ ಹೊಲಕ್ಕೆ. ಕಾಗದವಿಲ್ಲದ ಕರಾರು ಅದು.

ನಾರಾಯಣಪುರದಲ್ಲಿ ಕೃಷ್ಣೆಗೆ ಅಣೆಕಟ್ಟು ಬಂದಾಗ ಹಿನ್ನೀರು ಕೂಡಲಸಂಗಮದವರೆಗೆ ಚಾಚಿತು. ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಲು ಸುತ್ತ ಬಾವಿಯಂತೆ ಗೋಡೆ ಎಬ್ಬಿಸಬೇಕಾಯಿತು. ನೀರು ಅಷ್ಟು ಹತ್ತಿರ, ಹೊಲಗಳು ಮಾತ್ರ ಎತ್ತರದಲ್ಲಿ. ಆ ನೀರನ್ನು ಪಂಪಿನಿಂದ ಮೇಲೆತ್ತುವುದಕ್ಕೆ ಹುಟ್ಟಿದ್ದು ರಾಮಥಾಳ (ಮರೋಳ) ಏತ ನೀರಾವರಿ. ಮೊದಲ ಹಂತ ಎಂದಿನಂತೆ ಕಾಲುವೆಯದು.

ಎರಡನೇ ಹಂತಕ್ಕೆ ಬರುವಾಗ ಲೆಕ್ಕ ಬದಲಾಯಿತು. ಯೋಜನೆಗೆ ಸಿಕ್ಕಿದ್ದು ಮೂರು ಟಿಎಂಸಿಯೊಳಗಿನ ನೀರು. ಕಾಲುವೆಗೆ ಬಿಟ್ಟರೆ ದಾರಿಯಲ್ಲೇ ಇಂಗಿ, ಆರಿ ಹೋಗುವುದು ಬಹಳ. ಅದಕ್ಕಿಂತ ದೊಡ್ಡ ಭಯ ಮಣ್ಣಿನದು. ಎರೆಗೆ ನೀರು ಕಟ್ಟಿ ನಿಲ್ಲಿಸಿದರೆ ಸವುಳು–ಜವಳು ಏಳುತ್ತದೆ. ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟಿನಲ್ಲಿ ಚಿನ್ನದಂಥ ಭೂಮಿ ಬೆಳ್ಳಗೆ ಉಪ್ಪೆದ್ದು ನಿಂತದ್ದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಹಾಗಾಗಿ ಕೃಷ್ಣಾ ಭಾಗ್ಯ ಜಲ ನಿಗಮ ಹನಿಯನ್ನು ಆರಿಸಿಕೊಂಡಿತು: 24,000 ಹೆಕ್ಟೇರ್, ಸಾವಿರಾರು ಹಿಡುವಳಿ. ಅರ್ಧ ಭಾಗ ಜಳಗಾಂವದ ಜೈನ್ ಇರಿಗೇಷನ್‌ಗೆ, ಇನ್ನರ್ಧ ಇಸ್ರೇಲಿನ ನೆಟಾಫಿಮ್‌ಗೆ. 1965ರಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಸಹಕಾರಿ ಹಳ್ಳಿಯಲ್ಲಿ ಶುರುವಾದ ಕಂಪನಿ ಅದು. ಒಬ್ಬ ರೈತ ಸಬ್ಸಿಡಿ ಪಡೆದು ದಾಳಿಂಬೆಗೆ ಹನಿ ಹಾಕಿಸುವುದು ನಮಗೆ ಹೊಸದಲ್ಲ. ನದಿಯಿಂದ ಬೆಳೆಯ ಬುಡದವರೆಗೆ ಊರೂರಿಗೇ ಮುಚ್ಚಿದ ಪೈಪಿನಲ್ಲಿ ನೀರು ಒಯ್ಯುವುದು ಹೊಸದು. ಜಗತ್ತಿನ ಅತಿದೊಡ್ಡ ಹನಿ ನೀರಾವರಿ ಯೋಜನೆಗಳ ಸಾಲಿಗೆ ಹುನಗುಂದದ ಹೆಸರು ಸೇರಿದ್ದು ಹೀಗೆ.

ಹೊಲದಲ್ಲಿ ಕೂತು ನೋಡಬೇಕು. ಕರಿ ಪೈಪಿನ ತೂತಿನಿಂದ ಹನಿ ಬೀಳುತ್ತದೆ, ಎರೆ ಅದನ್ನು ನಿಧಾನ ಹೀರುತ್ತದೆ, ತಟ್ಟೆಯಗಲದ ಕಪ್ಪು ವೃತ್ತ ಮೂಡುತ್ತದೆ. ಒಂದು ವೃತ್ತ ಪಕ್ಕದ್ದನ್ನು ಮುಟ್ಟುವ ಹೊತ್ತಿಗೆ ಮೆಣಸಿನ ಸಾಲಿನ ಬೇರಿಗೆ ತಂಪು ತಲುಪಿರುತ್ತದೆ. ಸಾಲಿನ ನಡುವಿನ ನೆಲ ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ.

ಆದರೆ ಎಲ್ಲ ಹೊಲಗಳಲ್ಲೂ ಈ ವೃತ್ತ ಮೂಡಲಿಲ್ಲ. ನೀರೇ ಬರಲಿಲ್ಲವೆಂಬ, ಪೈಪು ಒಡೆದು ವರ್ಷಗಳಾದವೆಂಬ ದೂರುಗಳು ಹಳ್ಳಿಗಳಿಂದ ಬರುತ್ತಲೇ ಇವೆ. ಇದನ್ನು ರೈತರ ಉದಾಸೀನ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಹರಗಲು ಕುಂಟೆ, ಬಿತ್ತಲು ಕೂರಿಗೆ ಹೊಲಕ್ಕಿಳಿಯುವ ಮುನ್ನ ಪ್ರತಿ ಸಲ ಎಕರೆಗಟ್ಟಲೆ ಪೈಪು ಸುತ್ತಿ ತೆಗೆಯಬೇಕು, ಆಮೇಲೆ ಮತ್ತೆ ಹಾಸಬೇಕು. ಸುತ್ತಿಟ್ಟದ್ದನ್ನು ಇಲಿ ಕಡಿಯುತ್ತದೆ. ಒಂದೇ ವಾಲ್ವಿಗೆ ಹತ್ತಾರು ಹೊಲಗಳು. ಒಬ್ಬರದು ಶೇಂಗಾ, ಒಬ್ಬರದು ತೊಗರಿ, ಒಬ್ಬರು ದುಡಿಯಲು ಗುಳೆ ಹೋಗಿದ್ದಾರೆ. ನೀರು ಯಾವ ದಿನ, ಎಷ್ಟು ತಾಸು ಎಂದು ಇವರೆಲ್ಲ ಕೂತು ಗೊತ್ತುಮಾಡಿಕೊಳ್ಳಬೇಕು.

ಒಡ್ಡಿನ ಕಲ್ಲು ಜಾರಿದರೆ ಮೇಲಿನವರೂ ಕೆಳಗಿನವರೂ ಸೇರಿ ಎತ್ತಿಡುತ್ತಿದ್ದರು. ಈಗಿನ ಫಿಲ್ಟರಿನಲ್ಲಿ ಕೆಸರು ಕಟ್ಟಿದಾಗ ಕೀಲಿ ಯಾರ ಬಳಿ ಇದೆಯೆಂದು ಹುಡುಕಿಕೊಂಡು ಹೋಗಬೇಕಾಗಿದೆ.